ಶಿವಗಂಗೆ ಬೆಟ್ಟದ ಬಳಿ ಸಮುದ್ರ

ನಿವೃತ್ತಳಾಗಿ ತುಮಕೂರಿಗೆ ಬಂದು ನೆಲೆಸಿದ ಮೇಲೆ ನಮ್ಮ ಬೀದಿಯವರೆಲ್ಲ ಸೇರಿ ನನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿದ್ದಾರೆ. ನಾನು ವಿಮಾನಗಳಿಗೆ ಬಾವುಟ ಬೀಸುತ್ತಿದ್ದವಳಂತೆ. ಎದುರುಮನೆ ಜಯಮ್ಮನವರಂತೂ ಒಂದು ದಿನ ಕಾಂಪೌಂಡಿನ ಮೇಲೆ ಮೊಳಕೈ ಊರಿ, "ಅಷ್ಟು ವರ್ಷ ಬಿಸಿಲಲ್ಲಿ ನಿಂತೂ ನಿಂತೂ ನಿಮ್ಗೆ ಮಂಡಿನೋವು ಬಂದಿರೋದು ಕಣ್ರೀ" ಎಂದು ಕನಿಕರಪಟ್ಟರು. ಬಿಸಿಲೆಲ್ಲಿ ಬಂತು ತಾಯಿ! ನನ್ನ ಸರ್ವೀಸಿನ ಹೆಚ್ಚು ಪಾಲನ್ನು ನಾನು ಕಳೆದದ್ದು ಕಿಟಕಿಯೇ ಇಲ್ಲದ ಕೋಣೆಯಲ್ಲಿ. ಮಟಮಟ ಮಧ್ಯಾಹ್ನವೂ ಅಲ್ಲಿ ಮಬ್ಬುಗತ್ತಲೆ. ಎದುರಿಗೆ ಪರದೆ, ಕಿವಿಗೆ ಹೆಡ್‌ಫೋನ್, ಅದರೊಳಗೆ ಮುಖ ನೋಡದ ಜನರ ದನಿ. ಇಷ್ಟೇ ನನ್ನ ಉದ್ಯೋಗ.

ನನ್ನ ತಂಗಿಯ ಮಗಳ ಜೊತೆ ಓದಿದ ನಾಲ್ಕೈದು ಮಕ್ಕಳು ಈ ವರ್ಷ ಇದೇ ಕೆಲಸದ ಪರೀಕ್ಷೆ ಪಾಸು ಮಾಡಿದ್ದಾರೆ. ಏನಾದರೂ ಬರೆದುಕೊಡಿ ಆಂಟಿ ಎಂದು ಪೀಡಿಸುತ್ತಿದ್ದಾರೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎನ್ನುವುದನ್ನು ಬರೆಯಲಾರೆ, ಅದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಬರೆಯುತ್ತೇನೆ. ಪುಸ್ತಕದಲ್ಲಿ ಅದು ಸಿಗುವುದಿಲ್ಲ, ಏಕೆಂದರೆ ಪುಸ್ತಕ ಬರೆದವರು ನಮ್ಮ ಕಡೆಯವರಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಆಕಾಶದಲ್ಲಿ ಎರಡು ವಿಮಾನಗಳು ಹತ್ತಿರ ಬರದಂತೆ, ಯಾವ ವಿಮಾನವೂ ಬೆಟ್ಟದ ಹತ್ತಿರ ಹೋಗದಂತೆ ನೋಡಿಕೊಳ್ಳಬೇಕು. ಅದನ್ನು ಬರೀ ಮಾತಿನಿಂದ ಮಾಡಬೇಕು. ನಾವು ಹೇಳಿದ್ದನ್ನು ಪೈಲಟ್ ಅಕ್ಷರಕ್ಕೆ ಅಕ್ಷರ ತಿರುಗಿ ಒಪ್ಪಿಸಬೇಕು, ಅದು ಸರಿಯಿದೆಯೇ ಎಂದು ನಾವು ಕಿವಿಗೊಟ್ಟು ಕೇಳಬೇಕು. ಮಗ್ಗಿ ಒಪ್ಪಿಸಿದ ಹಾಗೆ ದಿನಪೂರ್ತಿ ಇದೇ. ಹೊರಗಿನವರಿಗೆ ಇದು ಎಂಥ ಒಣ ಕೆಲಸ ಅನ್ನಿಸುತ್ತದೆ, ನನಗೂ ಹಾಗೇ ಅನ್ನಿಸುತ್ತಿತ್ತು.

ನಾನು ಸೇರಿದ ಕಾಲದಲ್ಲಿ ಒಂದೊಂದು ವಿಮಾನಕ್ಕೂ ಒಂದೊಂದು ಕಾಗದದ ಪಟ್ಟಿ. ಬೆರಳುದ್ದದ ಆ ಪಟ್ಟಿಯಲ್ಲಿ ವಿಮಾನದ ಹೆಸರು, ಎತ್ತರ, ಯಾವ ಊರನ್ನು ಯಾವಾಗ ದಾಟಿತು ಎಂಬುದನ್ನು ಪೆನ್ನಿನಲ್ಲಿ ಗುರುತು ಹಾಕಿ ಹಲಗೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದೆವು. ಈಗ ಅದೆಲ್ಲ ಪರದೆಯ ಮೇಲೆ ತಾನೇ ಮೂಡುತ್ತದೆ. ಒಳ್ಳೆಯದೇ, ನಾನೇನೂ ಹಳೆಯದಕ್ಕಾಗಿ ಕಣ್ಣೀರಿಡುವವಳಲ್ಲ. ಆದರೆ ಪಟ್ಟಿ ಕೈಯಲ್ಲಿದ್ದಾಗ ವಿಮಾನ ಕಾಣದಿದ್ದರೂ ಅದು ಎಲ್ಲಿರಬೇಕು ಎಂದು ತಲೆಯಲ್ಲಿ ಲೆಕ್ಕ ಓಡುತ್ತಿತ್ತು.

ನನಗೆ ಕೆಲಸ ಕಲಿಸಿದವರು ಪುಟ್ಟಸ್ವಾಮಿ ಸಾರ್, ಮಂಡ್ಯದ ಕಡೆಯವರು. ಬಹಳ ಕಡಿಮೆ ಮಾತು. ಕೂತಿರುವವರ ಬೆನ್ನ ಹಿಂದೆ ಸದ್ದಿಲ್ಲದೆ ಬಂದು ನಿಲ್ಲುವುದು ಅವರ ಅಭ್ಯಾಸ, ಎಷ್ಟು ಹೊತ್ತಿನಿಂದ ನಿಂತಿದ್ದಾರೋ ಗೊತ್ತೇ ಆಗುತ್ತಿರಲಿಲ್ಲ. ಮೊದಲ ವಾರವೇ ಕ್ಯಾಂಟೀನಿನಲ್ಲಿ ಕೂರಿಸಿಕೊಂಡು, "ಏನಮ್ಮಾ ಮಂಗಳಾ, ಆಕಾಶ ಯಾವ ಬಣ್ಣ ಇದೆ ಅಂತ ಪೈಲಟ್‌ನ ಕೇಳು. ನೀಲಿ ಇದೆಯಾ ಅಂತ ಕೇಳ್ಬೇಡ" ಎಂದರು.

"ಎರಡೂ ಒಂದೇ ಅಲ್ವಾ ಸಾರ್?"

"ಅಲ್ಲ ಕಣಮ್ಮ. ಹೆದರಿರೋ ಮನುಷ್ಯ ನೀನು ಕೊಟ್ಟ ಬಣ್ಣನೇ ವಾಪಸ್ ಕೊಡ್ತಾನೆ."

ನಾನು ತಲೆಯಾಡಿಸಿ ಉದ್ದಿನವಡೆ ತಿಂದೆ. ಅರ್ಥವಾಗಿರಲಿಲ್ಲ. ಅರ್ಥವಾಗದಿದ್ದರೂ ಹ್ಞೂಂ ಎಂದೆ.

ಆ ಕೋಣೆಯಲ್ಲಿ ಹೆದರಿಕೆ ಹೇಗಿರುತ್ತದೆ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಒಂದು ಮಧ್ಯಾಹ್ನ ದೊಡ್ಡ ವಿಮಾನವೊಂದು ಮಾತು ನಿಲ್ಲಿಸಿಬಿಟ್ಟಿತು. ಪರದೆಯ ಮೇಲೆ ಅದರ ಚುಕ್ಕಿ ಸರಿಯಾಗಿಯೇ ಸಾಗುತ್ತಿದೆ, ಆದರೆ ಕರೆದರೆ ಉತ್ತರವಿಲ್ಲ. ಉತ್ತರ ಬಾರದಿದ್ದರೂ ಕರೆಯುತ್ತಲೇ ಇರಬೇಕು, ಅದು ನಿಯಮ. ಇನ್ನೂರು ಜನ ಕೂತಿರುವ ವಿಮಾನ ನನ್ನ ಹುಟ್ಟೂರು ಗುಬ್ಬಿಯ ಮೇಲೆ, ತುಮಕೂರಿನ ಮೇಲೆ ಹಾದುಹೋಗುತ್ತಿದೆ, ನಾನು ಒಂದೇ ಸಮನೆ ಅದರ ಹೆಸರು ಕೂಗುತ್ತಿದ್ದೇನೆ. ಸತ್ತವರ ಮನೆ ಬಾಗಿಲು ತಟ್ಟಿದಂತೆ ಅನ್ನಿಸಿತು. ಕೊನೆಗೆ ಯಾರೋ ಹಾಯಾಗಿ "ಗುಡ್ ಆಫ್ಟರ್‌ನೂನ್ ಮೇಡಂ" ಎಂದರು. ರೇಡಿಯೋದ ನಂಬರನ್ನು ತಪ್ಪಾಗಿ ತಿರುಗಿಸಿಕೊಂಡಿದ್ದರಂತೆ. ಮೌನಕ್ಕೆ ಹೆದರಬೇಕು ಎಂದು ಅವತ್ತು ಕಲಿತೆ. ಉತ್ತರಕ್ಕೂ ಹೆದರಬೇಕು ಎಂದು ಕಲಿಯುವ ಹೊತ್ತಿಗೆ ನನ್ನ ತಲೆ ಅರ್ಧ ಬೆಳ್ಳಗಾಗಿತ್ತು.

ಈಗ ಆ ದಿನದ ಮಾತಿಗೆ ಬರುತ್ತೇನೆ. ಆಷಾಢದ ಗಾಳಿ, ಬೆಳಿಗ್ಗೆ ಹತ್ತೂವರೆ. ಬೆಂಗಳೂರಿನ ಹೊರವಲಯದ ಒಂದು ಚಿಕ್ಕ ತರಬೇತಿ ಮೈದಾನದಿಂದ ಎರಡು ಸೀಟಿನ ವಿಮಾನವೊಂದು ಹೊರಟಿತ್ತು. ಒಳಗೆ ಒಬ್ಬನೇ ವಿದ್ಯಾರ್ಥಿ. ತುಮಕೂರಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಕುಣಿಗಲ್ ತಲುಪಿ, ಪೂರ್ವಕ್ಕೆ ವಾಪಸಾಗಬೇಕು. ಒಬ್ಬನೇ ದೂರ ಹಾರುವುದು ಅವನಿಗೆ ಅದೇ ಮೊದಲು. ಹೊರಟಾಗ ಆಕಾಶ ಚೆನ್ನಾಗಿತ್ತು. ತುಮಕೂರು ದಾಟಿದ್ದೇನೆ ಎಂದು ಇಂಗ್ಲಿಷಿನಲ್ಲಿ, ಗಿಣಿಪಾಠ ಒಪ್ಪಿಸಿದಷ್ಟು ಶುದ್ಧವಾಗಿ ಹೇಳಿದ. ನಾನು ಹೊತ್ತು ಗುರುತು ಹಾಕಿಕೊಂಡೆ.

ಆಮೇಲೆ ಮೋಡ ಕವಿಯಿತು. ಅವನು ಮೋಡದ ಕೆಳಗೇ ಇರಬೇಕೆಂದು ಇಳಿಯುತ್ತಾ ಹೋದ. ವಿಮಾನ ಎಲ್ಲಿದೆ ಎಂದು ನಮಗೆ ತಿಳಿಸುವ ಅವನ ಉಪಕರಣ ಕೆಟ್ಟಿತ್ತು, ಅಷ್ಟು ಕೆಳಗೆ ಹಾರುವ ಪುಟ್ಟ ವಿಮಾನ ನಮ್ಮ ರೇಡಾರಿಗೂ ಸಿಗುತ್ತಿರಲಿಲ್ಲ. ನನ್ನ ಪರದೆಯ ಮೇಲೆ ತುಮಕೂರಿನಿಂದ ಕುಣಿಗಲ್‌ವರೆಗೆ ಏನೂ ಇರಲಿಲ್ಲ. ಅಲ್ಲಿಂದ ಒಂದು ಎಳೆಯ ದನಿ ಮಾತ್ರ ಬರುತ್ತಿತ್ತು. ಇಂಗ್ಲಿಷಿನಲ್ಲಿ ಏನೋ ಶುರುಮಾಡಿದವನು ನಡುವೆಯೇ ನಿಲ್ಲಿಸಿ, "ಅಯ್ಯೋ, ಎಲ್ಲಿದೀನೋ ಗೊತ್ತಾಗ್ತಿಲ್ಲ ಮೇಡಂ" ಎಂದುಬಿಟ್ಟ.

ನಮ್ಮ ಕಡೆಯ ಕನ್ನಡ! ನನಗೆ ಕರುಳು ಚುರ್ ಎಂದಿತು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಸ್ವಲ್ಪ ಜಂಬವೂ ಬಂತು. ಬೇರೆ ಯಾರೇ ಕೂತಿದ್ದರೂ ಕುಣಿಗಲ್ ಎನ್ನುವುದು ನಕ್ಷೆಯ ಮೇಲಿನ ಒಂದು ಹೆಸರು. ನಾನು ಗುಬ್ಬಿಯಲ್ಲಿ ಹುಟ್ಟಿದವಳು, ತಾಯಿಯ ತವರು ಕುಣಿಗಲ್. ಆ ದಾರಿಯಲ್ಲಿ ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಂಡೇ ಬೆಳೆದವಳು. ಇವನನ್ನು ನಾನಲ್ಲದೆ ಇನ್ಯಾರು ಮನೆ ಮುಟ್ಟಿಸಬೇಕು?

"ಯಾವೂರಪ್ಪ ನಿಂದು?" ಎಂದೆ ರೇಡಿಯೋದಲ್ಲಿ. ಹಾಗೆ ಕೇಳುವ ಪದ್ಧತಿ ಪ್ರಪಂಚದ ಯಾವ ವಿಮಾನ ನಿಲ್ದಾಣದಲ್ಲೂ ಇಲ್ಲ.

"ಬೆಳ್ಳಾವಿ ಮೇಡಂ."

"ನಾನು ಗುಬ್ಬಿಯವಳು ಕಣಪ್ಪ. ಹೆದ್ರಬೇಡ, ನಾನಿದೀನಿ. ಹೆಸರೇನು?"

"ಚಂದನ್."

ಅದೇ ರೇಡಿಯೋ ತರಂಗದಲ್ಲಿ ಇನ್ನೂ ಆರೇಳು ದೊಡ್ಡ ವಿಮಾನಗಳಿದ್ದವು. ಒಬ್ಬ ಹುಡುಗ ದಾರಿ ತಪ್ಪಿದ್ದಾನೆ ಎಂದು ಗೊತ್ತಾದ ಕೂಡಲೇ ಎಲ್ಲರೂ ಮಾತು ನಿಲ್ಲಿಸಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಸಂತೆಯಂತೆ ಗದ್ದಲವಿರುವ ಹೆಡ್‌ಫೋನಿನೊಳಗೆ ಏಕಾಏಕಿ ನಾವಿಬ್ಬರೇ ಉಳಿದೆವು.

"ಚಂದನ್, ಕೆಳಗಡೆ ಕೆರೆ ಕಾಣ್ತಿದೆಯಾ?"

"ಹ್ಞೂಂ ಮೇಡಂ."

"ದೊಡ್ಡ ಕೆರೆನಾ?"

"ಹ್ಞೂಂ, ದೊಡ್ಡದು."

"ಏರಿ ಮೇಲೆ ರಸ್ತೆ ಇದೆಯಾ?"

"ಹ್ಞೂಂ, ರಸ್ತೆ ಇದೆ."

"ಪಕ್ಕದಲ್ಲೇ ಊರು? ದೇವಸ್ಥಾನದ ಗೋಪುರ?"

"ಹ್ಞೂಂ ಮೇಡಂ, ಗೋಪುರ."

ನನ್ನ ಮೈಯೆಲ್ಲ ಹಗುರವಾಯಿತು. ಕುಣಿಗಲ್ ದೊಡ್ಡಕೆರೆ ನನ್ನ ಕಣ್ಣ ಮುಂದೆ ಕಟ್ಟಿದಂತಿತ್ತು. ನೀನು ಕುಣಿಗಲ್ ಮೇಲಿದ್ದೀಯ, ಈಗ ಪೂರ್ವಕ್ಕೆ ತಿರುಗಿಸಿಕೋ, ನೇರ ಬಾ ಎಂದೆ. ಕುಣಿಗಲ್‌ನಿಂದ ಆ ದಿಕ್ಕಿನಲ್ಲಿ ಬಂದರೆ ಎತ್ತರದ ಬೆಟ್ಟ ಯಾವುದೂ ಅಡ್ಡ ಸಿಗುವುದಿಲ್ಲ. ಅವನು ತಿರುಗಿಸಿದ. ಹೆದ್ದಾರಿ ಕಾಣಿಸಿತಾ ಎಂದೆ, ಹ್ಞೂಂ ಎಂದ. ತೆಂಗಿನ ತೋಟಗಳು? ಹ್ಞೂಂ. ಅವನ ದನಿ ತಣ್ಣಗಾಗಿತ್ತು, ಜೋಗುಳ ಕೇಳುತ್ತಿರುವ ಮಗುವಿನ ಹಾಗೆ. ನನ್ನ ದನಿಯೂ ಹಾಗೇ ಆಗಿತ್ತೆಂದು ಆಮೇಲೆ, ನಮ್ಮ ಮಾತೆಲ್ಲ ದಾಖಲಾಗುವ ಟೇಪಿನಲ್ಲಿ ಕೇಳಿದೆ.

ಆಗ ಎಡಗಡೆಯಿಂದ ಒಂದು ಕೈ ಬಂದು ಮೇಜಿನ ಮೇಲೆ ಚೀಟಿ ಇಟ್ಟಿತು. ನಿವೃತ್ತಿಗೆ ಹತ್ತಿರವಾಗಿದ್ದ ಪುಟ್ಟಸ್ವಾಮಿ ಸಾರ್. ಎಷ್ಟು ಹೊತ್ತಿನಿಂದ ಬೆನ್ನ ಹಿಂದಿದ್ದರೋ. ಚೀಟಿಯಲ್ಲಿ ಎರಡು ಸಾಲಿತ್ತು. "ಎಲ್ಲ ನೀನೇ ಹೇಳ್ತಿದೀಯ, ಅವನು ಏನೂ ಹೇಳಿಲ್ಲ. ಇಲ್ಲದೇ ಇರೋದು ಒಂದನ್ನ ಕೇಳು."

ಅರ್ಥವಾಗಲಿಲ್ಲ, ಆದರೆ ಅವರ ಮುಖ ನೋಡಿ ವಾದ ಮಾಡುವ ಧೈರ್ಯ ಬರಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ.

"ಚಂದನ್, ಬಲಗಡೆ ಸಮುದ್ರ ಕಾಣ್ತಿದೆಯಾ?"

"ಹ್ಞೂಂ ಮೇಡಂ," ಎಂದ ಅವನು. "ಕಾಣ್ತಿದೆ."

ಕೋಣೆಯಲ್ಲಿ ಪಕ್ಕದ ಕುರ್ಚಿಯವರು ನನ್ನ ಕಡೆ ತಿರುಗಿದರು. ತುಮಕೂರು ಜಿಲ್ಲೆಯಿಂದ ಸಮುದ್ರ ಎಷ್ಟು ದೂರ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಾದರೆ ಕೆರೆ? ಗೋಪುರ? ರಸ್ತೆ? ಅವನು ಕಂಡ ಕುಣಿಗಲ್ ನನ್ನ ಕುಣಿಗಲ್. ನಾನು ಒಂದೊಂದಾಗಿ ಇಟ್ಟದ್ದನ್ನು ಅವನು ಒಂದೊಂದಾಗಿ ಎತ್ತಿಕೊಂಡಿದ್ದ. ಇಷ್ಟು ಹೊತ್ತು ನಾನು ಮಾತಾಡುತ್ತಿದ್ದುದು ನನ್ನ ಜೊತೆಗೇ.

ಪುಟ್ಟಸ್ವಾಮಿ ಸಾರ್ ನಾನು ಗುರುತು ಹಾಕಿಕೊಂಡಿದ್ದ, ತುಮಕೂರು ದಾಟಿದ ಹೊತ್ತಿನ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು. "ಎದುರುಗಾಳಿ ಇದೆ. ಇಷ್ಟು ಬೇಗ ಕುಣಿಗಲ್ ಹೆಂಗಮ್ಮ ಬಂತು? ಹೆಬ್ಬೂರು ದಾಟಿದ್ರೆ ಹೆಚ್ಚು." ಅಷ್ಟು ಸಾಕಾಯಿತು. ಹೆಬ್ಬೂರಿನ ಹತ್ತಿರದಿಂದ ಪೂರ್ವಕ್ಕೆ ನೇರ ಬಂದರೆ ಏನು ಸಿಗುತ್ತದೆ ಎನ್ನುವುದು ಆ ಕಡೆಯ ಚಿಕ್ಕಮಕ್ಕಳಿಗೂ ಗೊತ್ತು. ಶಿವಗಂಗೆ ಬೆಟ್ಟ. ಮೋಡದೊಳಗೆ ನೆಟ್ಟಗೆ ನಿಂತ ಬಂಡೆ. ಅವನು ಅದರ ತುದಿಗಿಂತ ಕೆಳಗೆ ಹಾರುತ್ತಿದ್ದ, ಆ ದಿಕ್ಕಿಗೆ ತಿರುಗಿಸಿದವಳು ನಾನು.

ಕನ್ನಡ ಬಿಟ್ಟೆ. ಹೆಸರು ಬಿಟ್ಟು ಅವನ ವಿಮಾನದ ಅಕ್ಷರಗಳಿಂದ ಕರೆದೆ. ಹೊರಗೆ ಏನು ಕಾಣುತ್ತಿದೆ ವರದಿ ಮಾಡಿ ಎಂದು ಪುಸ್ತಕದಲ್ಲಿರುವ ಇಂಗ್ಲಿಷಿನಲ್ಲಿ, ಅಪರಿಚಿತಳ ದನಿಯಲ್ಲಿ ಕೇಳಿದೆ.

ಅವನೂ ಇಂಗ್ಲಿಷಿನಲ್ಲೇ, ನಿದ್ದೆಯಿಂದ ಎದ್ದವನ ಹಾಗೆ ಹೇಳಿದ. "ನೆಗೆಟಿವ್. ನಥಿಂಗ್, ಮೇಡಂ. ಆಲ್ ವೈಟ್."

ಅವನು ಮೋಡದೊಳಗಿದ್ದ. ಎಷ್ಟು ಹೊತ್ತಿನಿಂದಲೋ.

ರೆಕ್ಕೆ ಸಮ ಇಡು, ಪೂರ್ತಿ ಶಕ್ತಿ ಕೊಡು, ತಿರುಗಬೇಡ, ನೇರವಾಗಿ ಏರು, ಹೊರಗೆ ನೋಡಬೇಡ, ಎದುರಿಗಿರುವ ಉಪಕರಣ ಮಾತ್ರ ನೋಡು ಎಂದೆ. ಒಂದೊಂದನ್ನೂ ಅವನು ತಿರುಗಿ ಒಪ್ಪಿಸಿದ. ಮೋಡದೊಳಗೆ ತಿರುಗಲು ಹೋದರೆ ಅಭ್ಯಾಸವಿಲ್ಲದವನಿಗೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ, ಸುತ್ತಿ ಸುತ್ತಿ ನೆಲಕ್ಕೆ ಬೀಳುತ್ತಾನೆ. ಆದ್ದರಿಂದ ಬೆಟ್ಟದ ಕಡೆಗೇ ಏರಿಸಬೇಕಾಯಿತು. ಎತ್ತರ ಹೇಳುತ್ತಾ ಇರು ಎಂದೆ. ಅವನು ಹೇಳುತ್ತಾ ಹೋದ. ಬೆಟ್ಟದ ತುದಿಯ ಎತ್ತರಕ್ಕೆ ಇನ್ನೂ ಐನೂರು ಅಡಿ ಬೇಕು. ಇನ್ನೂ ಮುನ್ನೂರು. ಆಮೇಲೆ ಅವನ ದನಿ ನಿಂತುಹೋಯಿತು.

ಕರೆದೆ. ಇಲ್ಲ. ಮತ್ತೆ ಕರೆದೆ. ಆ ಮೌನ ಎಷ್ಟು ಹೊತ್ತಿತ್ತು ಎಂದು ಟೇಪಿನಲ್ಲಿ ದಾಖಲಾಗಿದೆ, ನಾನು ಬರೆಯುವುದಿಲ್ಲ. ಬರೆದರೆ ಇಷ್ಟೇನಾ ಅನ್ನುತ್ತೀರಿ. ಆಮೇಲೆ ಕೋಣೆಯಲ್ಲಿ ಯಾರೋ "ಅಗೋ" ಎಂದರು. ಪರದೆಯ ಮೇಲೆ ಒಂದು ಮಸುಕು ಚುಕ್ಕಿ ಮೂಡಿತ್ತು. ನಕ್ಷೆಯಲ್ಲಿ ಶಿವಗಂಗೆ ಬೆಟ್ಟಕ್ಕೆ ಹಾಕಿರುವ ಗುರುತಿನ ಮೇಲೇ ಇತ್ತು. ನೋಡುತ್ತಿದ್ದಂತೆ ಗುರುತಿನಿಂದ ಆಚೆ ಸರಿಯಿತು. ಅವನ ದನಿಯೂ ಬಂತು, ಎತ್ತರ ಹೇಳುತ್ತಾ. ನಾನು ಹೆಡ್‌ಫೋನ್ ತೆಗೆದು ಪಕ್ಕದವರಿಗೆ ಕೊಟ್ಟು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಉಳಿದವರು ಅವನನ್ನು ಮೋಡದ ಮೇಲಕ್ಕೆ ತಂದು, ಬಿಸಿಲಿರುವ ಕಡೆ ಇಳಿಸಿ, ಅವನ ಮೈದಾನ ಮುಟ್ಟಿಸಿದರು.

ವಿಚಾರಣೆ ನಡೆಯಿತು. ಮೊದಲು ಸಿದ್ಧವಾದ ವರದಿಯಲ್ಲಿ, ವಿದ್ಯಾರ್ಥಿ ತಾನಿದ್ದ ಜಾಗವನ್ನು ಮತ್ತೆ ಮತ್ತೆ ತಪ್ಪಾಗಿ ತಿಳಿಸಿದ ಎಂದಿತ್ತು. ಅದು ಹಾಗೇ ಹೋಗಿದ್ದರೆ ಹುಡುಗನ ಹಾರಾಟ ಅಲ್ಲಿಗೇ ಮುಗಿಯುತ್ತಿತ್ತು. ಪುಟ್ಟಸ್ವಾಮಿ ಸಾರ್ ಕಾಗದ ಪೆನ್ನು ತಂದು ನನ್ನ ಮುಂದಿಟ್ಟು, "ಬರಿ" ಎಂದರು ಅಷ್ಟೇ. ಅವನು ಯಾವ ಜಾಗವನ್ನೂ ತಿಳಿಸಲಿಲ್ಲ, ಎಲ್ಲವನ್ನೂ ನಾನೇ ಅವನ ಬಾಯಿಗೆ ಹಾಕಿದೆ ಎಂದು ಬರೆದು ಸಹಿ ಮಾಡಿದೆ. ನನ್ನನ್ನು ಕೆಲವು ತಿಂಗಳು ಕುರ್ಚಿಯಿಂದ ಇಳಿಸಿದರು. ಮತ್ತೆ ಪರೀಕ್ಷೆ ಕೊಟ್ಟೆ. ನಾಚಿಕೆಯಾಗಲಿಲ್ಲವೇ ಎಂದರೆ ಆಯಿತು, ಚೆನ್ನಾಗಿಯೇ ಆಯಿತು.

ವಿಚಾರಣೆಯಲ್ಲಿ ಟೇಪನ್ನು ಮೂರು ಸಲ ಹಾಕಿದರು. ಉತ್ತರ ಭಾರತದ ಅಧಿಕಾರಿಯೊಬ್ಬರು, ಕಾಣದ್ದನ್ನು ಕಂಡೆ ಎಂದು ಇವನು ಯಾಕೆ ಹೇಳಿದ ಎಂದು ತಲೆ ಕೆರೆದುಕೊಂಡರು. ನಮ್ಮ ಕಡೆಯವರಿಗೆ ಅದನ್ನು ವಿವರಿಸಬೇಕಿಲ್ಲ. ದೊಡ್ಡವರು ಅಕ್ಕರೆಯಿಂದ ಏನಾದರೂ ಕೇಳಿದರೆ ನಾವು ಇಲ್ಲ ಎನ್ನುವುದಿಲ್ಲ. ಊಟ ಆಯ್ತಾ ಎಂದರೆ ಹಸಿದ ಹೊಟ್ಟೆಯಲ್ಲೂ ಹ್ಞೂಂ, ದಾರಿ ತಿಳೀತಾ ಎಂದರೆ ತಿಳಿಯದಿದ್ದರೂ ಹ್ಞೂಂ. ನಮ್ಮನ್ನು ಹಾಗೇ ಬೆಳೆಸಿದ್ದಾರೆ. ನಾನು ಕಂಟ್ರೋಲರ್ ಆಗಿದ್ದಷ್ಟು ಹೊತ್ತು ಅವನು ನನಗೆ 'ನೆಗೆಟಿವ್' ಎನ್ನಬಹುದಿತ್ತು. ಗುಬ್ಬಿಯ ಅತ್ತೆಯೋ ಚಿಕ್ಕಮ್ಮನೋ ಆದ ಮೇಲೆ ಹೇಗೆ ಅನ್ನುತ್ತಾನೆ? ಆ ಒಣ ಇಂಗ್ಲಿಷಿನಲ್ಲಿ ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ. ಅದಕ್ಕೇ ಅದು ಅಷ್ಟು ಒಣಗಿರುವುದು ಎಂದು ನನಗೆ ಆಗ ತಿಳಿಯಿತು.

ಕುರ್ಚಿಯಿಂದ ಇಳಿದಿದ್ದ ಆ ದಿನಗಳಲ್ಲಿ ಒಮ್ಮೆ ಶಿವಗಂಗೆಗೆ ಹೋಗಿದ್ದೆ. ಯಾಕೆ ಹೋದೆ ಎಂದರೆ ಹೇಳಲಾರೆ, ಮನಸ್ಸು ತಡೆಯಲಿಲ್ಲ. ಮೆಟ್ಟಿಲು ಹತ್ತಿ ತುದಿಯ ಹತ್ತಿರ ಸುಸ್ತಾಗಿ ಕೂತಾಗ, ಮಜ್ಜಿಗೆ ಮಾರುವ ಹೆಂಗಸನ್ನು ಕೇಳಿದೆ. ಆಷಾಢದಲ್ಲಿ ಒಂದು ದಿನ ಇಲ್ಲಿ ವಿಮಾನದ ಸದ್ದೇನಾದರೂ ಕೇಳಿತ್ತೇನಮ್ಮ?

"ಅಯ್ಯೋ, ಕೇಳ್ದೇ ಏನವ್ವ? ಮಂಜು ಮುಸುಕ್ಕೊಂಡಿತ್ತು, ಒಂದಾಳು ಇರ್ಲಿಲ್ಲ. ನಾನೊಬ್ಳೇ ಕುಂತಿದ್ದೆ. ಸದ್ದು ನಮ್ಮ ಕಾಲ್ ಕೆಳಗಿಂದ ಬಂತು."

"ಮೇಲಿಂದ ಅಲ್ವಾ?"

"ಕೆಳಗಿಂದ ಕಣವ್ವ. ಬಂಡೆ ಒಳಗಿಂದ ಬಂದಂಗೆ. ಆಮೇಲೆ ಇಲ್ಲೇ ಪಕ್ಕದಾಗೆ ಹಾದು ಮೇಲಕ್ಕೋಯ್ತು. ಮಂಜು ಹಿಂಗೆ ಸೀಳ್ಕೊಂಡು ಮತ್ತೆ ಮುಚ್ಕೊಳ್ತು. ಏನೂ ಕಾಣ್ಲಿಲ್ಲ. ನಾನು ಕೈ ಮುಗ್ದುಬುಟ್ಟು ಕುಂತೆ."

ಅವಳು ತೋರಿಸಿದ ಕಡೆ ನೋಡಿದೆ. ಬರೀ ಗಾಳಿ. ಆ ಜಾಗದಿಂದ ಬಂಡೆಗೆ ಕೈ ಚಾಚಿದರೆ ಸಿಗುವಷ್ಟು ಅಂತರವಿತ್ತು ಅನ್ನಿಸಿತು. ಅಷ್ಟಿರಲಿಕ್ಕಿಲ್ಲ, ಹೆದರಿದವಳ ಅಂದಾಜು ಅದು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಚಂದನ್ ನಮ್ಮ ಮನೆಗೆ ಬಂದ. ಜೊತೆಗೆ ಅವನ ತಾಯಿ ರತ್ನಮ್ಮ, ಬೆಳ್ಳಾವಿಯ ಶಾಲೆಯಲ್ಲಿ ಮೇಡಂ. ಅವರ ಕೈಯಲ್ಲಿ ಬಾಳೆಹಣ್ಣು, ಹೂವು. ದನಿಯಾಗಿ ಮಾತ್ರ ಗೊತ್ತಿದ್ದವನನ್ನು ಮೊದಲ ಸಲ ನೋಡಿದೆ. ಕಡ್ಡಿಯಂಥ ಹುಡುಗ, ಕಿವಿ ದೊಡ್ಡದು, ಕಾಲು ಮುಟ್ಟಲು ಬಂದ. ನಾನು ಹಿಂದೆ ಸರಿದೆ. ಅವನಿಗೆ ನಮಸ್ಕಾರ ಮಾಡಬೇಕಾದವಳು ನಾನು.

"ನಿಮ್ಮಿಂದ ಮಗ ಉಳ್ಕೊಂಡ ಮೇಡಂ," ಎಂದು ರತ್ನಮ್ಮ ಕಣ್ಣೊರೆಸಿಕೊಂಡರು. "ಮಂಗಳವಾರ ಮತ್ತೆ ಒಬ್ನೇ ಹಾರ್ಸ್ತಾರಂತೆ. ಅದೇ ದಾರಿ. ನಿಮ್ಮ ಆಶೀರ್ವಾದ ತಗೊಂಡ್ ಹೋಗೋಣ ಅಂತ ಬಂದ್ವಿ."

ಒಳಗೆ ಹೋಗಿ ಕಾಫಿ ಮಾಡಿ ತಂದೆ. ಹುಡುಗ ತಲೆ ತಗ್ಗಿಸಿ ಕೂತಿದ್ದ. ನನ್ನನ್ನು ಕೊರೆಯುತ್ತಿದ್ದ ಒಂದು ಪ್ರಶ್ನೆಯನ್ನು ತಡೆಯಲಾರದೆ ಕೇಳಿಬಿಟ್ಟೆ.

"ಚಂದನ್, ಅವತ್ತು ನನಗೆ ಬೇಜಾರಾಗ್ಬಾರ್ದು ಅಂತ ಹ್ಞೂಂ ಅಂದ್ಯಾ? ಇಲ್ಲ, ನಿಜವಾಗ್ಲೂ ಕಂಡಿತ್ತಾ?"

"ಕಂಡಿತ್ತು ಆಂಟಿ."

"ಸಮುದ್ರನೂ?"

"ಹ್ಞೂಂ ಆಂಟಿ. ಅಲೆ ಹೊಡೀತಿತ್ತು."

"ಏ, ಏನೋ ಹೇಳ್ತೀಯ?" ಎಂದರು ಅವನ ತಾಯಿ ಗಾಬರಿಯಾಗಿ. "ಇವನು ಸಮುದ್ರನೇ ನೋಡಿಲ್ಲ ಮೇಡಂ."

ನಾನು ಹುಡುಗನ ಕಡೆ ತಿರುಗಿ, "ಇನ್ನೊಂಚೂರು ಕಾಫಿ ಹಾಕ್ಲಾ?" ಎಂದೆ. ಹ್ಞೂಂ ಎಂದ. ಪಾತ್ರೆ ತಂದು ಬಗ್ಗಿದವಳು ಹಾಗೇ ನಿಂತೆ. ಅವನ ಲೋಟ ತುಂಬಿತ್ತು. ಒಂದು ಗುಟುಕೂ ಕುಡಿದಿರಲಿಲ್ಲ.

ಅವತ್ತು ಬೆಳಿಗ್ಗೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ನಮ್ಮ ಮನೆಯ ಹಾಲಿನಲ್ಲಿ, ಆ ಕಿಟಕಿಯಿಲ್ಲದ ಕೋಣೆಗಿಂತ ಹೆಚ್ಚು ಹೆದರಿದೆ. ಅವನು ಸಮುದ್ರವನ್ನು ನಿಜಕ್ಕೂ ಕಂಡಿದ್ದನೋ ಅಥವಾ ಈಗಲೂ ನಾನು ಕೇಳಿದ್ದಕ್ಕೆ ಹ್ಞೂಂ ಎನ್ನುತ್ತಿದ್ದಾನೋ, ತಿಳಿಯುವ ದಾರಿಯೇ ಇರಲಿಲ್ಲ. ಮತ್ತೆ ನಾನೇ ಬಾಯಿಗೆ ಹಾಕಿದ್ದೆ. ಮಂಗಳವಾರ ಇವನು ಒಬ್ಬನೇ ಮೇಲೆ ಹೋಗುತ್ತಾನೆ. ಇನ್ಯಾರೋ ಅಕ್ಕರೆಯಿಂದ ಇನ್ನೇನೋ ಕೇಳುತ್ತಾರೆ.

ಅಲ್ಲೇ, ಅವರಿಬ್ಬರ ಎದುರಿಗೇ, ಅವನ ಹಾರಾಟದ ಮೇಷ್ಟ್ರಿಗೆ ಫೋನ್ ಮಾಡಿದೆ. ವಿಚಾರಣೆಯಲ್ಲಿ ಪರಿಚಯವಾಗಿದ್ದವರು. "ಮಂಗಳವಾರ ಚಂದನ್‌ನ ಒಬ್ಬನೇ ಕಳಿಸ್ಬೇಡಿ. ಅವನಿಗೆ ಇಲ್ಲ ಅನ್ನೋಕೆ ಬರಲ್ಲ. ಅದು ಬರೋವರೆಗೂ ಹಾರಿಸ್ಬೇಡಿ" ಎಂದೆ. ಅವರು ಆಗಲಿ ಮೇಡಂ ಎಂದು ಇಟ್ಟರು.

ರತ್ನಮ್ಮನವರ ಮುಖ ಕಪ್ಪಿಟ್ಟಿತು. ಆಶೀರ್ವಾದಕ್ಕೆ ಬಂದವರಿಗೆ ನಾನು ಮಾಡಿದ್ದು ಇದು. ಹುಡುಗ ಅಲುಗಾಡದೆ ಕೂತಿದ್ದ. ಸಿಟ್ಟು ಬಂತಾ ಎಂದು ಕೇಳಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ. ಕುರ್ಚಿ ಎಳೆದುಕೊಂಡು ಅವನೆದುರು ಕೂತೆ.

"ಚಂದನ್, ಈಗ ನಿಂಗೆ ಏನನ್ನಿಸ್ತಿದೆ, ಹೇಳು," ಎಂದು ಕೇಳಿ ಸುಮ್ಮನಾದೆ. ಬೇರೊಂದು ಮಾತು ಸೇರಿಸಲಿಲ್ಲ.

ತಾಯಿ ಏನೋ ಹೇಳಹೊರಟರು, ನಾನು ಕೈ ಅಡ್ಡ ಹಿಡಿದೆ. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಬೀದಿ ದಾಟಿಹೋದ. ಹುಡುಗನ ದೊಡ್ಡ ಕಿವಿಗಳು ನಿಧಾನವಾಗಿ ಕೆಂಪಾದವು. ತಲೆ ಎತ್ತಿ ಮೊದಲ ಸಲ ನನ್ನ ಕಣ್ಣು ನೋಡಿದ.

"ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿದೆ," ಎಂದ. "ಅವತ್ತೂ ನೀವು ನನ್ನ ಮಾತಾಡೋಕೆ ಬಿಡ್ಲಿಲ್ಲ. ಇವತ್ತೂ ಬಿಡ್ಲಿಲ್ಲ. ನಂಗೆ ಕಾಫಿನೂ ಬೇಡ."

"ಚಂದೂ!" ಎಂದು ತಾಯಿ ಗದರಿದರು.

ನಾನು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ಸಿಂಕಿನ ಮುಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅವನ ಮೇಷ್ಟ್ರಿಗೆ ಇನ್ನೊಂದು ಸಲ ಫೋನ್ ಮಾಡಿ, ಮಂಗಳವಾರ ಹುಡುಗ ಹಾರಲಿ ಎಂದೆ.